ಐಸ್ ರೆಡಿ ಇತ್ತು, ಎಲ್ಲರಿಗೂ ಥ್ಯಾಂಕ್ಸ್

ಮಲ್ಪೆಯ ನಮ್ಮ ಐಸ್ ಪ್ಲಾಂಟ್ ಮತ್ತೆ ಓಡುತ್ತಿದೆ. ಆಗಸ್ಟ್ 1ಕ್ಕೆ ಬೋಟುಗಳು ಕಡಲಿಗೆ ಇಳಿಯುವ ಹೊತ್ತಿಗೆ ಐಸ್ ರೆಡಿ ಇತ್ತು. ಅಪ್ಪ ಇಲ್ಲದ ಮೊದಲ ಸೀಸನ್. ಈ ವರ್ಷ ಮನೆಯಲ್ಲಿ ಏನೇನಾಯಿತು ಅಂತ ನಿಮಗೆಲ್ಲ ಗೊತ್ತಿದೆ, ಮತ್ತೆ ಬರೆಯುವುದಿಲ್ಲ.

ಬ್ರೈನ್ (ಐಸ್ ಕಟ್ಟಿಸುವ ಉಪ್ಪುನೀರು) ಟ್ಯಾಂಕ್ ತೊಳೆದ ಹುಡುಗರು, ಐಸ್ ಕ್ಯಾನುಗಳ ತೂತಿಗೆ ವೆಲ್ಡಿಂಗ್ ಮಾಡಿಕೊಟ್ಟವರು, ಕೊಟ್ಟ ಅಡ್ವಾನ್ಸ್ ವಾಪಸ್ ಕೇಳದ ಬೋಟ್ ಮಾಲೀಕರು, ಅಮ್ಮನ ಜೊತೆಗೆ ಬಂದು ಉಳಿದ ಚಿಕ್ಕಮ್ಮ, ಎಲ್ಲರಿಗೂ ಥ್ಯಾಂಕ್ಸ್. ಒಂದೇ ಸಾಲಲ್ಲಿ ಮುಗಿಸಿದಳು ಅಂತ ಬೇಜಾರು ಮಾಡಬೇಡಿ. ಉಳಿದದ್ದೆಲ್ಲ ನಮ್ಮ ಹಳೇ ಆಪರೇಟರ್ ಮಾಮನಿಗೆ.

61 ದಿನಗಳ ಮೀನುಗಾರಿಕೆ ನಿಷೇಧ ಮುಗಿಯುತ್ತಾ ಬಂದಿತ್ತು. ಪ್ಲಾಂಟ್ ಚಾಲೂ ಮಾಡಿದರೆ ಬ್ರೈನ್ ತಣಿಯುತ್ತಲೇ ಇಲ್ಲ. ಮೈನಸ್ 10 ಡಿಗ್ರಿ ಹತ್ತಿರ ಇರಬೇಕಾದದ್ದು ಸೊನ್ನೆಯಲ್ಲೇ ನಿಂತುಬಿಟ್ಟಿತ್ತು. ನೋಡಲು ಬಂದ ಮೆಕ್ಯಾನಿಕ್, ತಣ್ಣಗೆ ಮಾಡುವ ಅಮೋನಿಯಾವನ್ನು ಅಳತೆಯಲ್ಲಿ ಬಿಡುವ ಎಕ್ಸ್‌ಪಾನ್ಶನ್ ವಾಲ್ವನ್ನು ಆ ಕಡೆ ಈ ಕಡೆ ತಿರುಗಿಸಿದರು. ಕೊನೆಗೆ ವಾಲ್ವೇ ಬದಲಾಯಿಸಬೇಕು ಅಂದು ದೊಡ್ಡ ಮೊತ್ತ ಹೇಳಿ ಹೋದರು.

ಆ ರಾತ್ರಿ ಜೋರು ಮಳೆ. ಮಾಮನಿಗೆ ಮೊಣಕಾಲು ನೋವು, ಕೆಲಸ ಬಿಟ್ಟು ವರ್ಷಗಳೇ ಆದವು. ಆದರೂ ಬಂದರು. ಬಂದವರು ವಾಲ್ವ್ ಮುಟ್ಟಲೇ ಇಲ್ಲ, ಟಾರ್ಚ್ ಹಾಕಿ ಪೈಪ್ ನೋಡಿದರು. ದ್ರವ ಅಮೋನಿಯಾ ಬರುವ ಪೈಪು ವಾಲ್ವ್‌ವರೆಗೆ ಬೆಚ್ಚಗಿರಬೇಕು, ಹಿಮ ಕಟ್ಟಬೇಕಾದದ್ದು ವಾಲ್ವ್ ದಾಟಿದ ಮೇಲೆ. ನಮ್ಮಲ್ಲಿ ವಾಲ್ವಿಗಿಂತ ಮೊದಲು ಸಿಗುವ, ಕಸ ಸೋಸುವ ಸ್ಟ್ರೈನರ್ ಮೇಲೇ ಬೆಳ್ಳಗೆ ಹಿಮ ಕೂತಿತ್ತು. "ಕಸ ಇರುವುದು ಇಲ್ಲಿ. ಅಮೋನಿಯಾ ಮುಂದೆ ಹೋಗದಿದ್ದರೆ ಪಾಪ ವಾಲ್ವ್ ಏನು ಮಾಡ್ತದೆ?" ಅಂದರು.

ದ್ರವ ಅಮೋನಿಯಾ ತುಂಬಿಡುವ ರಿಸೀವರ್ ಟ್ಯಾಂಕಿನ ಮುಖ್ಯ ವಾಲ್ವ್, ಅಂದರೆ ಕಿಂಗ್ ವಾಲ್ವ್ ಮುಚ್ಚಿಸಿ, ಲೈನಿನಲ್ಲಿದ್ದದ್ದನ್ನು ಕಂಪ್ರೆಸರಿನಿಂದ ಎಳೆಸಿದರು. ಗೇಜ್ ಸೊನ್ನೆಗೆ ಇಳಿಯುವ ತನಕ ಯಾರಿಗೂ ಸ್ಪ್ಯಾನರ್ ಕೊಡಲಿಲ್ಲ. ಬಯಲಿಗೆ ಬಂದರೆ ಮೈನಸ್ 33 ಡಿಗ್ರಿಯಲ್ಲೇ ಕುದಿಯುವ ವಸ್ತು ಅದು, ಸುಮ್ನೆ ಅಲ್ಲ. ಮುಖಕ್ಕೆ ಮಾಸ್ಕ್, ಪಕ್ಕದಲ್ಲಿ ಬಕೆಟ್ ತುಂಬ ನೀರು. ಗೇಜ್ ಸೊನ್ನೆ ತೋರಿಸಿದರೂ ನಂಬದೆ, ತಮ್ಮಿಂದ ಆಚೆ ಬದಿಯ ಬೋಲ್ಟನ್ನೇ ಮೊದಲು ಸಡಿಲಿಸಿದರು. ಜಾಲರಿ ತುಂಬ ತುಕ್ಕಿನ ಪುಡಿ, ಹಳೇ ಎಣ್ಣೆ, ಥೇಟ್ ಕಾಫಿ ಗಸಿ. ಬಿಚ್ಚಿದ ಮೇಲೆ ವಾಲ್ವನ್ನೂ ಬಿಡಲಿಲ್ಲ. ವಾಲ್ವ್ ಮುಚ್ಚಿ ಕೂರುವ ಸೀಟಿನಲ್ಲಿ ಗೀರು ಬಿದ್ದಿತ್ತು. ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಕೈಯಲ್ಲೇ ತಿರುಗಿಸಿ ತಿರುಗಿಸಿ ಉಜ್ಜಿದರು, ವಾಲ್ವಿನ ಕಡ್ಡಿ ಸುತ್ತ ಲೀಕ್ ತಡೆಯುವ ಗ್ಲ್ಯಾಂಡಿಗೆ ಹೊಸ ಪ್ಯಾಕಿಂಗ್ ಹಾಕಿದರು. ಲೈನ್ ಬಿಟ್ಟ ಮೇಲೆ ಗಂಧಕದ ಬತ್ತಿ ಹಚ್ಚಿ ಜಾಯಿಂಟಿನ ಸುತ್ತ ಹಿಡಿದರು. ಲೀಕ್ ಇದ್ದರೆ ದಟ್ಟ ಬಿಳಿ ಹೊಗೆ ಏಳುತ್ತದೆ. ಏಳಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಅಡ್ಜಸ್ಟ್‌ಮೆಂಟ್. ಹ್ಯಾಂಡ್‌ವೀಲ್ ಮೇಲೆ ಚಾಕ್‌ಪೀಸಿನ ಗೆರೆ ಎಳೆದು ಕಾಲು ಸುತ್ತು ಬಿಡುವುದು, ಕಾಯುವುದು. ಜಾಸ್ತಿ ಬಿಟ್ಟರೆ ಅಮೋನಿಯಾ ದ್ರವವಾಗಿಯೇ ಕಂಪ್ರೆಸರಿಗೆ ಬಂದು ಬಡಿಯುತ್ತದೆ. ಕಮ್ಮಿಯಾದರೆ ಬ್ರೈನ್ ತಣಿಸುವ ಪೈಪಿನ ಕಾಯಿಲಿಗೆ ಸಾಕಾಗುವುದಿಲ್ಲ, ಐಸ್ ಕಟ್ಟುವುದಿಲ್ಲ. ನಾನು ಕೈ ಹಾಕಲು ಹೋದಾಗಲೆಲ್ಲ "ತಡಿ ಮಾರಾಯ್ತಿ, ಅದಕ್ಕೂ ಟೈಮ್ ಬೇಕಲ್ವಾ" ಅನ್ನುವುದು.

ಹಾಗೆ ಕಾಯುತ್ತಿರುವಾಗಲೇ ಒಮ್ಮೆ ನನಗೆ ತಡೆಯಲಿಲ್ಲ. ನಿಜ ಹೇಳಬೇಕೆಂದರೆ ಅಪ್ಪನ ಮೇಲೆ ಸಿಟ್ಟು ಬಂದಿತ್ತು. ಇಷ್ಟು ದೊಡ್ಡ ಮೆಷಿನ್ ತಲೆ ಮೇಲೆ ಹಾಕಿ, ಏನೂ ಹೇಳಿಕೊಡದೆ ಹೋಗಿಬಿಟ್ಟರಲ್ಲ. "ಮಾರಿಬಿಡ್ತೇನೆ ಮಾಮ" ಅಂತ ಅಲ್ಲೇ ಕೂತು ಅತ್ತೆ. ಮಾಮ ಸಮಾಧಾನ ಹೇಳಲಿಲ್ಲ. "ಮಾರು, ಬೆಳಿಗ್ಗೆ ಮಾರು. ಈಗ ಸಕ್ಷನ್ ಎಷ್ಟಿದೆ ನೋಡಿ ಹೇಳು" ಅಂದರು. ಎದ್ದು ಹೋಗಿ ಕಂಪ್ರೆಸರ್ ಎಳೆಯುವ ಬದಿಯ ಗೇಜ್ ನೋಡಿ ಹೇಳಿದೆ. ಆಮೇಲೆ ಬೆಳಗಿನ ತನಕ ಗೇಜ್ ಓದಿದ್ದು ನಾನೇ. ಬೆಳಿಗ್ಗೆ ಮಾರುವ ಮಾತು ಇಬ್ಬರೂ ಎತ್ತಲಿಲ್ಲ.

ದುಡ್ಡು ಕೊಟ್ಟರೆ ಬೈದರು. ಬಂಗುಡೆ ಮಾತ್ರ ಬೇಡ ಅನ್ನಲಿಲ್ಲ.

ಮಾಮನ ಹತ್ತಿರ ಇಂಥದ್ದೆಲ್ಲ ಓದುವ ಫೋನ್ ಇಲ್ಲ. ಅವರ ಮಗಳು ಇದನ್ನು ಓದಿ ಹೇಳಬೇಕು. ಜೊತೆಗೆ ಇನ್ನೊಂದು ಮಾತು ಹೇಳು ಅಕ್ಕಾ. ಅಮೋನಿಯಾ ಜೊತೆ ಎಣ್ಣೆ ಬೆರೆಯುವುದಿಲ್ಲ, ತಳದಲ್ಲಿ ಕೂರುತ್ತದೆ, ಆಗಾಗ ತೆಗೀತಾ ಇರು ಅಂದಿದ್ದರು. ಈ ಶನಿವಾರ ತೆಗೆದಿದ್ದೇನೆ, ಪುಸ್ತಕದಲ್ಲಿ ಬರೆದೂ ಇಟ್ಟಿದ್ದೇನೆ.