ಈಜುಗಾರ್ತಿಗೂ ಪಾಲು ಸಿಗಲಿ

ಸಂಪಾದಕರೇ,

ಅಮೆರಿಕದ ಕಾಲೇಜುಗಳು 2025ರ ಜುಲೈನಿಂದ ತಮ್ಮ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಒಂದು ಕಾಲೇಜಿಗೆ ಮೊದಲ ವರ್ಷದ ಮಿತಿ ಸುಮಾರು 2 ಕೋಟಿ ಡಾಲರ್. ಒಳ್ಳೆಯದೇ ಆಯಿತು. ಟಿಕೆಟ್, ಟಿವಿ ಹಕ್ಕುಗಳಿಂದ ಅಷ್ಟೊಂದು ದುಡ್ಡು ಬರುವಾಗ ಆಡುವವರಿಗೆ ಬರೀ ಸ್ಕಾಲರ್‌ಶಿಪ್ ಸಾಕು ಅನ್ನುವುದು ಅನ್ಯಾಯ ಅಲ್ವಾ?

ಅಲ್ಲಿ ಓದುವ ನನ್ನ ಮಗಳ ರೂಮ್‌ಮೇಟ್ ಕಾಲೇಜು ತಂಡದ ಈಜುಗಾರ್ತಿ. ಬೆಳಗ್ಗೆ ಐದಕ್ಕೇ ನೀರಿಗಿಳಿಯುತ್ತಾಳೆ. ಒದ್ದೆ ಕೂದಲಲ್ಲೇ ಎಂಟರ ಕ್ಲಾಸಿಗೆ ಓಡುತ್ತಾಳೆ. ಆದರೆ ಹಣದಲ್ಲಿ ಜಾಸ್ತಿ ಪಾಲು ಅಮೆರಿಕನ್ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಹುಡುಗರಿಗೇ ಹೋಗುತ್ತಿದೆ. ಅದನ್ನು ನೆನೆದರೆ ಸಂಕಟವಾಗುತ್ತದೆ. ನಮ್ಮ ದೇಶದಿಂದ ಹೋಗಿ ಆಡುವ ಮಕ್ಕಳಿಗಂತೂ ಈ ಹಣ ಪಡೆಯಲು ವಿದ್ಯಾರ್ಥಿ ವೀಸಾ ನಿಯಮಗಳೇ ಅಡ್ಡಿ. ಕಾಲೇಜುಗಳು ಎಲ್ಲ ಆಟದವರಿಗೂ ಒಂದು ಕನಿಷ್ಠ ಮೊತ್ತವನ್ನಾದರೂ ಗೊತ್ತುಮಾಡಬೇಕು.

– ಒಬ್ಬ ತಾಯಿ, ಮೈಸೂರು