ರೋಮನ್ ದಮನ: ಮೂಗರ್ಜಿ, ಪ್ರಮಾಣಪತ್ರ, ಮಹಜರು

ಸಂಪಾದಕರಿಗೆ,

ಮಾನ್ಯರೇ,

ಚಂದ್ರವಳ್ಳಿಯ ರೋಮನ್ ನಾಣ್ಯಗಳ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ನಾಣ್ಯದ ವಿಚಾರದಲ್ಲಿ ತಕರಾರಿಲ್ಲ. ಅಲ್ಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿಯ ದಿನಾರಿಯಸ್‌ಗಳು ಸಿಕ್ಕಿವೆ. ಟೈಬೀರಿಯಸ್ ಆಳ್ವಿಕೆ ಕ್ರಿ.ಶ. 14ರಿಂದ 37ರವರೆಗೆ, ಯೇಸುವನ್ನು ಶಿಲುಬೆಗೇರಿಸಿದ್ದೂ ಅದೇ ಅವಧಿಯಲ್ಲಿ. ಆದರೆ ಈ ಎಳೆ ಹಿಡಿದು ಲೇಖನ ರೋಮ್‌ಗೆ ಹೋದ ಮೇಲೆ ದಾರಿ ತಪ್ಪಿದೆ. ಚಕ್ರವರ್ತಿ ನೀರೋ ಕ್ರೈಸ್ತರನ್ನು ರೋಮ್‌ನ ಕೊಲೋಸಿಯಂ ಕ್ರೀಡಾಂಗಣದಲ್ಲಿ ಸಿಂಹಗಳಿಗೆ ಹಾಕಿಸಿದ, ಮುಂದೆ ಮುನ್ನೂರು ವರ್ಷ ಅವರನ್ನು ಬಿಡದೆ ಬೇಟೆಯಾಡಲಾಯಿತು, 313ರಲ್ಲಿ ಕ್ರೈಸ್ತ ಧರ್ಮವೇ ರಾಜಧರ್ಮ, ಅಂದರೆ ಸಾಮ್ರಾಜ್ಯದ ಅಧಿಕೃತ ಧರ್ಮ, ಆಯಿತು ಎಂದು ಬರೆಯಲಾಗಿದೆ. ದಾವಣಗೆರೆ, ಚಿತ್ರದುರ್ಗದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಪುರವಣಿಯನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಈ ಪತ್ರ.

ಮೊದಲು ಕೊಲೋಸಿಯಂ. ನೀರೋ ಸತ್ತದ್ದು 68ರಲ್ಲಿ. ಕಟ್ಟಡ ಶುರುವಾದದ್ದು ಅವನ ನಂತರ ಬಂದ ವೆಸ್ಪೇಷಿಯನ್ ಕಾಲದಲ್ಲಿ, ಬಾಗಿಲು ತೆರೆದದ್ದು 80ರಲ್ಲಿ. 64ರ ಬೆಂಕಿ ಅನಾಹುತದ ಆಪಾದನೆ ಹೊರಿಸಿ ನೀರೋ ಕ್ರೈಸ್ತರನ್ನು ಕೊಲ್ಲಿಸಿದ್ದು ನಿಜ, ಅದೂ ಘೋರವಾಗಿ: ಪ್ರಾಣಿಗಳ ಚರ್ಮ ಹೊದಿಸಿ ನಾಯಿ ಬಿಡಿಸಿದ, ಶಿಲುಬೆಗೆ ಹಾಕಿಸಿದ, ಕತ್ತಲಾದ ಮೇಲೆ ದೀಪದಂತೆ ಉರಿಸಿದ ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಆದರೆ ಅದು ನಡೆದದ್ದು ರೋಮ್ ನಗರದಲ್ಲಿ, ಸಾಮ್ರಾಜ್ಯದ ಉದ್ದಗಲಕ್ಕೂ ಅಲ್ಲ.

ಎರಡನೆಯ ಶತಮಾನದ ಪದ್ಧತಿ ತಿಳಿಯಬೇಕಾದರೆ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರ ನೋಡಬೇಕು. 112ರ ಸುಮಾರಿಗೆ, ಈಗಿನ ಟರ್ಕಿಯ ಉತ್ತರ ಭಾಗದಲ್ಲಿದ್ದ ಬಿಥಿನಿಯಾ-ಪೊಂತಸ್ ಪ್ರಾಂತ್ಯದ ಅಧಿಕಾರಿ ಅವನು. ಹಿಡಿದು ತಂದವನನ್ನು ‘ನೀನು ಕ್ರೈಸ್ತನೋ’ ಎಂದು ಮೂರು ಸಲ ಕೇಳುವುದು, ಶಿಕ್ಷೆಯ ಬೆದರಿಕೆ ಹಾಕುವುದು. ಹೌದೆಂದು ಹಟ ಹಿಡಿದರೆ ಮರಣದಂಡನೆ. ರೋಮನ್ ಪೌರನಾಗಿದ್ದರೆ ರೋಮ್‌ಗೆ ರವಾನೆ. ಅಲ್ಲ ಎಂದವನು ಚಕ್ರವರ್ತಿಯ ಪ್ರತಿಮೆಗೆ ಧೂಪ, ದ್ರಾಕ್ಷಾರಸ ಅರ್ಪಿಸಿ ಕ್ರಿಸ್ತನನ್ನು ಶಪಿಸಿದರೆ ಬಿಡುಗಡೆ. ಟ್ರಾಜನ್ ಉತ್ತರ ಚುಟುಕಾಗಿದೆ: ಹುಡುಕಿಕೊಂಡು ಹೋಗಬೇಡಿ, ದೂರು ಬಂದು ಸಾಬೀತಾದರೆ ಶಿಕ್ಷಿಸಿ, ಮೂಗರ್ಜಿಗಳನ್ನು ಪರಿಗಣಿಸಲೇಬೇಡಿ. ಇಷ್ಟಾದ ಮೇಲೆ ಕ್ರೈಸ್ತರ ತಲೆ ಉಳಿಯುವುದು ಉರುಳುವುದು ನೆರೆಹೊರೆಯವರ ಮರ್ಜಿಗೆ ಬಿತ್ತು. ಸಾಲ, ಜಗಳ, ಬರಗಾಲ, ಯಾವುದರಿಂದಲಾದರೂ ಒಂದು ದೂರು ಹುಟ್ಟಬಹುದಿತ್ತು. ಹುಟ್ಟದೆ ಹತ್ತಾರು ವರ್ಷ ನೆಮ್ಮದಿಯಾಗಿಯೂ ಕಳೆಯಬಹುದಿತ್ತು.

ಸಾಮ್ರಾಜ್ಯ ಪೂರ್ತಿ ಅನ್ವಯಿಸುವ ಆಜ್ಞೆ ಬಂದದ್ದು ಚಕ್ರವರ್ತಿ ಡೇಸಿಯಸ್ ಕಾಲಕ್ಕೆ, 249ರ ಕೊನೆ ಅಥವಾ 250ರ ಆರಂಭದಲ್ಲಿ. ಎಲ್ಲರೂ ದೇವತೆಗಳಿಗೆ ಬಲಿ ಕೊಡಬೇಕು, ಕೊಟ್ಟಿದ್ದಕ್ಕೆ ಪ್ರಮಾಣಪತ್ರ ಪಡೆಯಬೇಕು. ಇಂಥ ಪತ್ರಗಳು ಈಜಿಪ್ಟಿನಲ್ಲಿ ಪಾಪಿರಸ್ ಹಾಳೆಯ ಮೇಲೆ ನಲವತ್ತಕ್ಕೂ ಹೆಚ್ಚು ಸಿಕ್ಕಿವೆ, ಎಲ್ಲವೂ 250ರ ಜೂನ್-ಜುಲೈನವು. ನಮ್ಮ ತಾಲ್ಲೂಕು ಕಚೇರಿಯ ಅರ್ಜಿ ನಮೂನೆ ಕಂಡವರಿಗೆ ಅವು ಅಪರಿಚಿತ ಎನಿಸುವುದಿಲ್ಲ. ಒಂದರಲ್ಲಿ ಅರ್ಜಿದಾರ ಔರೇಲಿಯಸ್ ಡಯೋಜಿನಿಸ್, ತಂದೆ ಸತಾಬೂಸ್, ವಯಸ್ಸು 72, ಗುರುತು: ಬಲ ಹುಬ್ಬಿನ ಮೇಲೆ ಗಾಯದ ಕಲೆ. ‘ನಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಡುತ್ತ ಬಂದಿದ್ದೇನೆ, ಈಗ ನಿಮ್ಮ ಸಮಕ್ಷಮ ಬಲಿ ಕೊಟ್ಟು, ರಸ ಎರೆದು, ಬಲಿಯ ಮಾಂಸ ತಿಂದಿದ್ದೇನೆ, ದೃಢೀಕರಿಸಬೇಕು’ ಎಂಬುದು ಒಕ್ಕಣೆ. ಕೆಳಗೆ ಬೇರೆ ಕೈಬರಹದಲ್ಲಿ ಸಾಕ್ಷಿ ಹೇಳಿದವನ ಹೆಸರು, ಕೊನೆಗೆ ತಾರೀಖು, ನಮ್ಮ ಲೆಕ್ಕಕ್ಕೆ 26 ಜೂನ್ 250. ಈ ಪತ್ರಗಳಲ್ಲಿ ಕ್ರೈಸ್ತ ಎಂಬ ಪದವೇ ಇಲ್ಲ. ಪೆಟೆಸೂಕೋಸ್ ಎಂಬ ಮೊಸಳೆ ದೇವರ ಪೂಜಾರಿಣಿಯೊಬ್ಬಳೂ ಪ್ರಮಾಣಪತ್ರ ಪಡೆಯಬೇಕಾಯಿತು!

ಈ ವ್ಯವಸ್ಥೆ ಎರಡು ಬಗೆಯಲ್ಲಿ ಹದಗೆಟ್ಟಿತು. ಉತ್ತರ ಆಫ್ರಿಕಾದ ಕಾರ್ಥೇಜ್‌ ನಗರದಲ್ಲಿ ಬಲಿ ಕೊಡಲು ಬಂದ ಕ್ರೈಸ್ತರ ನೂಕುನುಗ್ಗಲು ಎಷ್ಟಿತ್ತೆಂದರೆ, ಸಂಜೆಯಾಯಿತು ನಾಳೆ ಬನ್ನಿ ಎಂದು ಅಧಿಕಾರಿಗಳು ಹಲವರನ್ನು ವಾಪಸು ಕಳಿಸಿದರು. ಇದನ್ನು ದಾಖಲಿಸಿದವನು ಅಲ್ಲಿನ ಬಿಷಪ್ ಸಿಪ್ರಿಯನ್. ಇನ್ನು ಕೆಲವರು ಬಲಿ ಕೊಡದೆ ದುಡ್ಡು ಕೊಟ್ಟು ಪತ್ರವನ್ನಷ್ಟೇ ಮಾಡಿಸಿಕೊಂಡರು. ಹಾವಳಿ ಮುಗಿದ ಮೇಲೆ ಇವರನ್ನೆಲ್ಲ ಚರ್ಚ್‌ಗೆ ಮತ್ತೆ ಸೇರಿಸಿಕೊಳ್ಳುವುದು ಹೇಗೆ ಎಂಬ ವ್ಯಾಜ್ಯ ಎದ್ದಿತು. 251ರಲ್ಲಿ ಕಾರ್ಥೇಜ್‌ನ ಬಿಷಪ್‌ಗಳ ಸಭೆ, ಬಲಿ ಕೊಟ್ಟವರು ಬೇರೆ, ಪತ್ರ ಕೊಂಡವರು ಬೇರೆ ಎಂದು ವಿಂಗಡಿಸಿ ಪ್ರಾಯಶ್ಚಿತ್ತ ನಿಗದಿ ಮಾಡಿತು. ರೋಮ್‌ನಲ್ಲಿ ನೊವೇಷಿಯನ್ ಎಂಬ ಪಾದ್ರಿ ಇದನ್ನು ಒಪ್ಪದೆ ಬೇರೆ ಗುಂಪನ್ನೇ ಕಟ್ಟಿದ.

ಮುಂದೆ ಚಕ್ರವರ್ತಿ ವ್ಯಾಲೇರಿಯನ್ ಕಾಲದ ದಮನ 257ರಿಂದ 260ರವರೆಗೆ ನಡೆಯಿತು. ಅವನ ಮಗ ಗ್ಯಾಲಿಯೆನಸ್ ಅದನ್ನು ನಿಲ್ಲಿಸಿದ ಮೇಲೆ ನಲವತ್ತು ವರ್ಷ ಹೆಚ್ಚುಕಡಿಮೆ ಶಾಂತಿ. ಮುನ್ನೂರು ವರ್ಷದ ಬೇಟೆ ಎನ್ನುವವರು ಈ ನಲವತ್ತನ್ನು ಎಲ್ಲಿಗೆ ಸೇರಿಸುತ್ತಾರೋ!

ಕೊನೆಯ ಮತ್ತು ಅತಿ ದೊಡ್ಡ ದಮನ 303ರಲ್ಲಿ ಚಕ್ರವರ್ತಿ ಡಯೋಕ್ಲೆಷಿಯನ್‌ನದು. ಫೆಬ್ರುವರಿ 23ರಂದು ಈಗಿನ ಟರ್ಕಿಯಲ್ಲಿದ್ದ ನಿಕೊಮೀಡಿಯಾ ನಗರದ ಚರ್ಚ್ ಕೆಡವಿದರು, ಮರುದಿನ ಆಜ್ಞೆ ಅಂಟಿಸಿದರು: ಚರ್ಚ್‌ಗಳನ್ನು ಕೆಡವಿ, ಧರ್ಮಗ್ರಂಥಗಳನ್ನು ಸುಡಿ. ಆಜ್ಞೆ ಜಾರಿಯಾದ ಬಗೆಗೆ ನಮ್ಮ ಪ್ರಕಾರ ಅತ್ಯುತ್ತಮ ದಾಖಲೆ, ಅದೇ ವರ್ಷ ಮೇ 19ರಂದು ಸಿರ್ಟಾ ಪಟ್ಟಣದಲ್ಲಿ (ಈಗ ಅಲ್ಜೀರಿಯಾದ ಕಾನ್‌ಸ್ಟಂಟೈನ್) ಬರೆದ ಮಹಜರು. ಪಟ್ಟಣದ ಮುಖ್ಯಸ್ಥ ಮುನೇಷಿಯಸ್ ಫೆಲಿಕ್ಸ್ ಕ್ರೈಸ್ತರು ಸೇರುವ ಮನೆಗೆ ಬಂದು ಗ್ರಂಥ ಕೇಳಿದ. ಗ್ರಂಥಗಳು ಪ್ರಾರ್ಥನೆಯಲ್ಲಿ ಅವನ್ನು ಓದಿ ಹೇಳುವ ಓದುಗರ ಬಳಿ ಇವೆ ಎಂದ ಬಿಷಪ್ ಪೌಲ. ಸರಿ, ಇಲ್ಲಿರುವುದನ್ನು ಬರೆದುಕೊಳ್ಳಿ ಎಂದಾಯಿತು: ಚಿನ್ನದ ಬಟ್ಟಲು 2, ಬೆಳ್ಳಿಯ ಬಟ್ಟಲು 6, ಬೆಳ್ಳಿ ದೀಪ 7, ಸರಪಳಿ ಸಮೇತ ಕಂಚಿನ ದೀಪ 11, ಹೆಂಗಸರ ಅಂಗಿ 82, ಗಂಡಸರ ಅಂಗಿ 16, ಗಂಡಸರ ಪಾದರಕ್ಷೆ 13 ಜೊತೆ, ಹೆಂಗಸರದು 47 ಜೊತೆ. ಈ ಬಟ್ಟೆ, ಚಪ್ಪಲಿಯ ರಾಶಿ ಬಡವರಿಗೆ, ವಿಧವೆಯರಿಗೆ ಹಂಚುವ ದಾಸ್ತಾನು ಎಂದೇ ವಿದ್ವಾಂಸರು ತಿಳಿಯುತ್ತಾರೆ. ಅಷ್ಟರಲ್ಲಿ ಹರವಿಯ ಹಿಂದಿನಿಂದ ಒಂದು ಬೆಳ್ಳಿಯ ಪೆಟ್ಟಿಗೆ, ಬೆಳ್ಳಿಯ ದೀಪ ತಂದುಕೊಟ್ಟ ಚರ್ಚಿನ ಉಪಸೇವಕ ಸಿಲ್ವಾನಸ್. ‘ಇವು ಸಿಗದಿದ್ದರೆ ನೀನು ಸತ್ತಿದ್ದೆ’ ಎಂದ ಸಿಬ್ಬಂದಿಯೊಬ್ಬ. ಆಮೇಲೆ ಮನೆಮನೆ ತಿರುಗಿ ಒಬ್ಬನಿಂದ 4, ಇನ್ನೊಬ್ಬನಿಂದ 5, ಮತ್ತೊಬ್ಬನಿಂದ 8 ಪುಸ್ತಕ ವಶಪಡಿಸಿಕೊಂಡರು.

ಈ ಕಾಗದ ನಮ್ಮವರೆಗೆ ಬಂದದ್ದು ಹೇಗೆ ಗೊತ್ತೇ? ಅದೇ ಸಿಲ್ವಾನಸ್ ಮುಂದೆ ಬಿಷಪ್ ಆದ. 320ರಲ್ಲಿ, ಕ್ರೈಸ್ತರ ಒಳಜಗಳದಲ್ಲಿ, ಇವನು ಗ್ರಂಥ ಒಪ್ಪಿಸಿದ ಗುಂಪಿನವನು ಎಂದು ತೋರಿಸಲು ಎದುರಾಳಿಗಳು ಹಳೆಯ ಮಹಜರನ್ನು ಪ್ರಾಂತ್ಯಾಧಿಕಾರಿಯ ಮುಂದೆ ಓದಿಸಿದರು.

ಇನ್ನು 313. ಅದಕ್ಕೂ ಮೊದಲೇ ದಮನವನ್ನು ಕೈಬಿಟ್ಟವನು ಚಕ್ರವರ್ತಿ ಗಲೇರಿಯಸ್, 30 ಏಪ್ರಿಲ್ 311ರ ಆಜ್ಞೆಯಿಂದ. 313ರಲ್ಲಿ ಚಕ್ರವರ್ತಿಗಳಾದ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಮಿಲಾನ್‌ನಲ್ಲಿ ಒಪ್ಪಿಕೊಂಡದ್ದು ಇಷ್ಟೇ: ಯಾರು ಬೇಕಾದರೂ ತಮಗೆ ಒಪ್ಪುವ ಧರ್ಮ ಅನುಸರಿಸಲಿ, ಮುಟ್ಟುಗೋಲಾದ ಜಾಗಗಳನ್ನು ಕ್ರೈಸ್ತರಿಗೆ ದುಡ್ಡು ಕೇಳದೆ ಬಿಟ್ಟುಕೊಡಲಿ, ನಡುವೆ ಅವನ್ನು ಕೊಂಡವರು ಪರಿಹಾರಕ್ಕೆ ಸರ್ಕಾರಕ್ಕೆ ಅರ್ಜಿ ಹಾಕಲಿ. ರಾಜಧರ್ಮದ ಮಾತು ಅದರಲ್ಲಿ ಎಲ್ಲೂ ಇಲ್ಲ. ಅದಕ್ಕೆ 27 ಫೆಬ್ರುವರಿ 380ರಂದು ಗ್ರೀಸ್‌ನ ಥೆಸಲೊನೀಕದಲ್ಲಿ ಚಕ್ರವರ್ತಿ ಥಿಯೋಡೋಸಿಯಸ್ ಹೊರಡಿಸಿದ ಆಜ್ಞೆಯವರೆಗೆ ಕಾಯಬೇಕು.

ಪುರವಣಿಯ ಮುಂದಿನ ಸಂಚಿಕೆಯಲ್ಲಿ ಎಲ್ಲಕ್ಕೂ ಜಾಗವಾಗದಿದ್ದರೆ, ಕೊಲೋಸಿಯಂ 80, ಮಿಲಾನ್ 313, ಥೆಸಲೊನೀಕ 380 ಎಂಬ ಮೂರು ತಿದ್ದುಪಡಿಗಳನ್ನಾದರೂ ಪ್ರಕಟಿಸಬೇಕೆಂದು ಕೋರುತ್ತೇವೆ.

– ಕೆಲವು ಇತಿಹಾಸ ಉಪನ್ಯಾಸಕರು, ಚಿತ್ರದುರ್ಗ