ಈ ವಾರದ ದೇಶ: ಬುರ್ಕಿನಾ ಫಾಸೊ

ಎಲ್ಲರಿಗೂ ನಮಸ್ಕಾರ. ಈ ವಾರ ಬುರ್ಕಿನಾ ಫಾಸೊ ಬಗ್ಗೆ ಮಾತಾಡೋಣ. ಪಶ್ಚಿಮ ಆಫ್ರಿಕಾದ ದೇಶ, ಸಮುದ್ರ ಇಲ್ಲ, ಸುತ್ತ ಆರು ದೇಶಗಳಿವೆ. 1960ರಲ್ಲಿ ಫ್ರಾನ್ಸ್‌ನಿಂದ ಸ್ವತಂತ್ರವಾದಾಗ ಇದರ ಹೆಸರು ಅಪ್ಪರ್ ವೋಲ್ಟಾ, ಅಂದರೆ ಬರೀ ನದಿಯ ಹೆಸರು. 1984ರಲ್ಲಿ ಆಗಿನ ಅಧ್ಯಕ್ಷ ಥಾಮಸ್ ಸಂಕಾರಾ ಅದನ್ನು ಬದಲಿಸಿದರು. ‘ಬುರ್ಕಿನಾ’ ಮೋರೆ ಭಾಷೆಯದು, ‘ಫಾಸೊ’ ಜೂಲಾ ಭಾಷೆಯದು, ಎರಡೂ ಸೇರಿದರೆ ಪ್ರಾಮಾಣಿಕರ ನಾಡು. ಅಲ್ಲಿನ ಜನರನ್ನು ಬುರ್ಕಿನಾಬೆ ಅನ್ನುತ್ತಾರೆ, ಆ ಕೊನೆಯ ‘ಬೆ’ ಬಂದಿದ್ದು ಫುಲಾನಿ ಜನರ ಭಾಷೆಯಿಂದ. ಮೂರು ಭಾಷೆಗಳೂ ಸೇರಿ ಒಂದು ಹೆಸರು, ಎಷ್ಟು ಚೆಂದ ಅಲ್ವಾ!

ಊಟಕ್ಕೆ ಜೋಳ ಇಲ್ಲವೇ ಸಜ್ಜೆ ಹಿಟ್ಟಿನ ‘ತೊ’, ಹೆಚ್ಚುಕಡಿಮೆ ನಮ್ಮ ಮುದ್ದೆಯ ಹಾಗೇ, ಬೆಂಡೆಕಾಯಿ ಸಾರಿನ ಜೊತೆ. ರಾಜಧಾನಿ ವಾಗಡೂಗುವಿನಲ್ಲಿ 1969ರಲ್ಲಿ ಶುರುವಾದ ಫೆಸ್ಪಾಕೊ ಆಫ್ರಿಕಾದ ದೊಡ್ಡ ಸಿನಿಮಾ ಉತ್ಸವ. ಆ ಸಿನಿಮಾಗಳನ್ನು ಯಾರಾದರೂ ನೋಡಿದ್ದರೆ ಖಂಡಿತ ಇಲ್ಲಿ ಬರೆಯಿರಿ.